ತಾಯಿಯ ಹೆಸರಿಗೆ ಒಂದೇ ಗೆರೆ

"ಒಟ್ಟು ಎಷ್ಟು ಜನ ಅವ್ವಂದಿರು ನಿಂಗೆ?"

ದ್ರಾಕ್ಷಿ ತೋಟದ ಯಜಮಾನನ ಮಗಳು ಡಯಾನಾ ಇದನ್ನು ಆಫೀಸಿಗೆ ಕರೆಸಿ, ಬಾಗಿಲು ಹಾಕಿಕೊಂಡು ಕೇಳಲಿಲ್ಲ. ಪ್ಯಾಕಿಂಗ್ ಶೆಡ್ಡಿನ ನಟ್ಟನಡುವೆ ಕೇಳಿದಳು. ದ್ರಾಕ್ಷಿ ಹೊತ್ತ ಬೆಲ್ಟು ಓಡುತ್ತಿತ್ತು. ಮೂವತ್ತು ಜನ ನಿಂತು ಕೆಲಸ ಮಾಡುತ್ತಿದ್ದರು. ಈಗಲೇ ಎಲ್ಲರ ಹೆಸರೂ ಹೇಳಿಬಿಡು, ಬರೆದಿಟ್ಟುಕೊಳ್ಳುತ್ತೇನೆ, ಮುಂದಿನ ವರ್ಷ ಮೂರನೆಯವಳು ಸತ್ತರೆ ನನಗೂ ಸುಲಭ ನಿನಗೂ ಸುಲಭ ಅಂತಲೂ ಸೇರಿಸಿದಳು. ಬೆಲ್ಟಿನ ಆ ತುದಿಯಲ್ಲಿ ನಾಲ್ಕು ಜನ ಬಿಳಿ ಹುಡುಗರಿದ್ದರು. ದೇಶ ಸುತ್ತಲು ಬಂದು ದಾರಿ ಖರ್ಚಿಗೆ ದುಡಿಯುವವರು. ಅವರು ಕಿಸಕ್ಕನೆ ನಕ್ಕರು.

ಅಷ್ಟು ಇಂಗ್ಲಿಷು ಸಿಯಾಲೆಗೆ ಬರುತ್ತಿತ್ತು. ಬಾರದಿದ್ದರೆ ಚೆನ್ನಾಗಿತ್ತು. ಅವಳು ಕತ್ತರಿ ಕೆಳಗಿಡಲಿಲ್ಲ. ಗೊಂಚಲು ಎತ್ತಿ, ಕೊಳೆತ ಹಣ್ಣು ಕತ್ತರಿಸಿ, ಪೆಟ್ಟಿಗೆಗೆ ಇಳಿಸುತ್ತಲೇ ಇದ್ದಳು. ಬೆಳಿಗ್ಗೆ ಆರರಿಂದ ನಿಂತ ಕಾಲು. ಪಾದ ಊದಿ ಬೂಟಿನ ದಾರ ಚರ್ಮಕ್ಕೆ ಕೂತಿತ್ತು. ಹಣ್ಣಿನ ಅಂಟಿಗೆ ಬೆರಳುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತಿದ್ದವು. ಒಂದು ಕ್ಷಣ ನಿಲ್ಲಿಸಿದರೆ ಅವಳ ಪಾಲಿನ ಹಣ್ಣು ಪಕ್ಕದವಳ ಮೇಲೆ ಬೀಳುತ್ತಿತ್ತು.

ಡಯಾನಾಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸಿಯಾಲೆಯ ಸೊಂಟಕ್ಕೆ ಬೆರಳು ತೋರಿಸಿದಳು. ಇದು ತಿನ್ನುವ ಪದಾರ್ಥದ ಜಾಗ, ಆ ಕೊಳಕನ್ನು ಮೊದಲು ಬಿಚ್ಚು ಅಂದಳು.

ಸೊಂಟದಲ್ಲಿದ್ದದ್ದು ಚಾಪೆ. ಸಿಯಾಲೆ ಟೋಂಗಾ ಅನ್ನುವ ದ್ವೀಪದೇಶದವಳು. ಟೋಂಗಾದವರ ಮನೆಯಲ್ಲಿ ಸಾವಾದರೆ ಕಪ್ಪು ಬಟ್ಟೆ ಉಟ್ಟು, ಅದರ ಮೇಲೆ ಹಳೆಯ ಚಾಪೆ ಸುತ್ತಿ ಹಗ್ಗದಿಂದ ಬಿಗಿಯುತ್ತಾರೆ. ಸತ್ತವರು ಎಷ್ಟು ಹತ್ತಿರದವರೋ ಚಾಪೆ ಅಷ್ಟು ದೊಡ್ಡದು, ಅಷ್ಟು ಹರಕು. ಸಿಯಾಲೆಯದು ಎದೆಯಿಂದ ಮೊಣಕಾಲಿನವರೆಗೆ ಇತ್ತು. ಅದನ್ನು ಹೆಣೆದವಳು ಅವಳ ಅವ್ವ ವಾಸಿಟಿ. ಮಂಗಳವಾರ ಇಲ್ಲಿಯ ಆಸ್ಪತ್ರೆಯಲ್ಲಿ ಸತ್ತವಳೂ ವಾಸಿಟಿಯೇ. ಈ ದಿನ ಗುರುವಾರ.

ಸಿಯಾಲೆ ಹಗ್ಗ ಬಿಚ್ಚಿದಳು. ಚಾಪೆ ಸುತ್ತಿ ಎಲ್ಲಿಡಬೇಕೋ ತಿಳಿಯದೆ ಸುತ್ತ ನೋಡಿದಳು. ಡಯಾನಾ ಕಸದ ಕ್ರೇಟು ತೋರಿಸಿದಳು. ಕೊಳೆತ ಗೊಂಚಲುಗಳ ಮೇಲೆ ಚಾಪೆ ಇಟ್ಟು, ಸಿಯಾಲೆ ಮತ್ತೆ ಬಂದು ಬೆಲ್ಟಿಗೆ ನಿಂತಳು. ಇಟ್ಟೆನಲ್ಲ, ನನ್ನ ಕೈಯಿಂದಲೇ ಇಟ್ಟೆನಲ್ಲ ಅಂತ ಸಂಜೆಯವರೆಗೂ ಒಳಗೇ ಕುದಿದಳು. ಬೈಯುವುದಾದರೆ ಯಾರನ್ನು? ಹೇಳಿದವಳನ್ನೋ, ಕೇಳಿದ ತನ್ನನ್ನೋ?

ಅವ್ವಂದಿರ ಲೆಕ್ಕ ಹೀಗೆ.

ಟೋಂಗಾದಲ್ಲಿ ಅವ್ವನ ಅಕ್ಕತಂಗಿಯರೆಲ್ಲ ಅವ್ವಂದಿರೇ. ನಾವು ದೊಡ್ಡವ್ವ ಚಿಕ್ಕವ್ವ ಅಂತ ಮುಂದೆ ಒಂದು ಮಾತಾದರೂ ಸೇರಿಸುತ್ತೇವೆ, ಅವರಲ್ಲಿ ಅದೂ ಇಲ್ಲ. ಹಾಪಾಯ್ ದ್ವೀಪದಲ್ಲಿ ಸಿಯಾಲೆಯನ್ನು ಹೆತ್ತವಳು ಲುಯಿಸಾ. ಹಾಲು ಬಿಡಿಸಿದ ತಿಂಗಳೇ ಮಗುವನ್ನು ಅಕ್ಕನ ಮಡಿಲಿಗೆ ಹಾಕಿದಳು, ಅಕ್ಕನಿಗೆ ಮಕ್ಕಳಿರಲಿಲ್ಲ. ಇದು ದಾನವೂ ಅಲ್ಲ, ದತ್ತಕವೂ ಅಲ್ಲ. ಯಾರೂ ಕಾಗದ ಬರೆಯಲಿಲ್ಲ. ತಲೆ ಬಾಚಿ, ಜ್ವರಕ್ಕೆ ಎದ್ದು ಕೂತು, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿ ಉಣ್ಣಿಸಿ, ಬೆತ್ತದಲ್ಲಿ ಬಾರಿಸಿ ಸಾಕಿದವಳು ವಾಸಿಟಿ. ಸಿಯಾಲೆಗೆ ಹದಿನೆಂಟು ತುಂಬಿದ ವರ್ಷ ವಾಸಿಟಿ ಗಂಡನ ಜೊತೆ ಸಮುದ್ರ ದಾಟಿ ಇಲ್ಲಿಗೆ, ಮರ್ರೆ ನದಿಯ ದಂಡೆಯ ಈ ದ್ರಾಕ್ಷಿಯ ಊರಿಗೆ ಬಂದಳು. ಇಪ್ಪತ್ತೆರಡು ವರ್ಷ ಈ ತೋಟದಲ್ಲೇ ದುಡಿದಳು. ಬೇಸಿಗೆಯಲ್ಲಿ ಕೊಯ್ಲು, ಚಳಿಗಾಲದಲ್ಲಿ ಬಳ್ಳಿ ಸವರುವುದು. ತೋಟದ ಯಜಮಾನ ಕಾರ್ಮೆಲೋ, ಡಯಾನಾಳ ಅಪ್ಪ, ಅವಳನ್ನು "ವಾಸಿ" ಅಂತ ಕೂಗುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳಿಂದ ಒಂದು ಒಪ್ಪಂದಕ್ಕೂ ಸಹಿ ಹಾಕಿಸಿಕೊಂಡವನಲ್ಲ. ಬೇಕಾದಾಗ ಕರೆದ, ಬೇಡವಾದಾಗ ಬರಬೇಡ ಅಂದ. ಸೊಂಟ ಬಿದ್ದುಹೋದ ವರ್ಷ ಪೂರ್ತಿಯಾಗಿ ಬೇಡ ಅಂದ.

ಸಿಯಾಲೆ ಬಂದದ್ದು ಮೂರು ವರ್ಷದ ಹಿಂದೆ, ಕಾಗದದ ಮೇಲೆ. ಟೋಂಗಾದ ರಾಜಧಾನಿಯಲ್ಲಿ ಒಂದು ಸಭಾಂಗಣದಲ್ಲಿ ನಲವತ್ತು ಜನರನ್ನು ಸಾಲಾಗಿ ಕೂರಿಸಿ ಹದಿನಾಲ್ಕು ಪುಟದ ಒಪ್ಪಂದ ಕೊಟ್ಟರು. ಊಟದ ಹೊತ್ತಿಗೆ ಎಲ್ಲ ಮುಗಿಯಬೇಕು ಅಂದರು. ಮೂರನೇ ಪುಟದಲ್ಲಿ ತಾಯಿಯ ಹೆಸರು ಅಂತ ಒಂದು ಗೆರೆ. ಸಿಯಾಲೆ ವಾಸಿಟಿ, ಲುಯಿಸಾ ಅಂತ ಎರಡನ್ನೂ ಬರೆದಳು. ಹಿರಿಯಳ ಹೆಸರು ಮೊದಲು ಬರೆಯಬೇಕು, ಅದು ಮರ್ಯಾದೆ. ಬಂದ ಗುಮಾಸ್ತ ಪುಟ ನೋಡಿ, ಒಂದು ಗೆರೆಗೆ ಒಂದು ಹೆಸರು ಅಂತ ಎರಡನೆಯದನ್ನು ಹೊಡೆದುಹಾಕಿ ಮುಂದಕ್ಕೆ ಹೋದ. ಅವಳು ಬಾಯಿ ತೆರೆಯಬಹುದಿತ್ತು. ಕುರ್ಚಿಯಲ್ಲಿ ಕೂತವರಿಗೆ ಎದುರಾಡಬಾರದು ಅಂತ ಕಲಿತು ಬೆಳೆದವಳು, ಸುಮ್ಮನಿದ್ದಳು. ಒಪ್ಪಂದದಲ್ಲಿ ವಾಸಿಟಿ ಉಳಿದಳು. ಜನನ ಪತ್ರದಲ್ಲಿ ಲುಯಿಸಾ ಇದ್ದಳು. ಎರಡೂ ಒಂದೇ ಫೈಲಿನಲ್ಲಿ ಮೂರು ವರ್ಷ ಅಕ್ಕಪಕ್ಕ ಮಲಗಿದ್ದವು, ಯಾರೂ ನೋಡಲಿಲ್ಲ.

ಹೋದ ವರ್ಷ ಹಾಪಾಯ್‌ನಲ್ಲಿ ಲುಯಿಸಾ ಸತ್ತಳು. ಅವ್ವ ಸತ್ತಳು ಅಂತ ಸಿಯಾಲೆ ಕಾರ್ಮೆಲೋಗೆ ಹೇಳಿದಳು. ಆಗ ಆಫೀಸು ಅವನ ಕೈಯಲ್ಲಿತ್ತು. ಎರಡು ದಿನ ರಜೆ ತಗೋ ಅಂದ, ಡೈರಿಯಲ್ಲಿ ಗೀಚಿಕೊಂಡ. ಅಲ್ಲಿಗೆ ಮುಗಿಯಿತು.

ಈ ವರ್ಷ ಆಫೀಸು ಡಯಾನಾಳದು. ಕೊಯ್ಲಿಗೆ ಮುಂಚೆ ಅವಳು ಮಿಲ್ಡುರಾ ಪಟ್ಟಣಕ್ಕೆ ಹೋಗಿ ಮಾಲೀಕರಿಗೆಂದೇ ನಡೆಸುವ ಒಂದು ದಿನದ ತರಗತಿಯಲ್ಲಿ ಕೂತು ಬಂದಿದ್ದಳು. ಉದ್ಯೋಗ ಒಪ್ಪಂದ ಹೇಗೆ ಬರೆಯಬೇಕು, ರಾಜ್ಯದ ಕಾನೂನು ಏನು, ದೇಶದ ಕಾನೂನು ಏನು, ರಜೆ ಯಾರಿಗೆ, ಎಚ್ಚರಿಕೆ ಪತ್ರ ಹೇಗೆ, ತೆಗೆದುಹಾಕುವುದು ಹೇಗೆ. ಬರುವಾಗ ಒಂದು ನೀಲಿ ಫೈಲು ತಂದಳು. ಕಾಶಿಗೆ ಹೋದವರು ಗಂಗೆಯ ಗಿಂಡಿ ಹಿಡಿದು ಬಂದ ಹಾಗೆ ಅದನ್ನು ಎದೆಗಪ್ಪಿಕೊಂಡು ತಿರುಗುತ್ತಿದ್ದಳು. ಮಾಲೀಕರಿಗೆ ಕಾನೂನು ಕಲಿಸಲು ಚಹಾ ಬಿಸ್ಕೆಟ್ಟಿನ ತರಗತಿ ಇದೆ. ಆಳುಗಳಿಗೆ ಕಲಿಸುವ ತರಗತಿ ಎಲ್ಲಿದೆಯೋ, ನಾನಂತೂ ಕಂಡಿಲ್ಲ.

ಬುಧವಾರ ಸಿಯಾಲೆ ಕೇಳಿದ್ದು ಶುಕ್ರವಾರ, ಶನಿವಾರ ಎರಡು ದಿನ. ಶನಿವಾರ ಮಣ್ಣು. ಕೂಲಿ ಬೇಡ, ಬಿಟ್ಟರೆ ಸಾಕು ಅಂದಳು. ಅವ್ವ ಸತ್ತಿದ್ದಾಳೆ ಅಂದಳು. ಡಯಾನಾ ಸಿಯಾಲೆಯ ಫೈಲು ತೆಗೆದಳು. ಹೋದ ವರ್ಷದ ಡೈರಿ ತೆಗೆದಳು. ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು ಕಳ್ಳಿ ಸಿಕ್ಕಿದಳು ಅನ್ನುವ ಮುಖ ಮಾಡಿದಳು.

ಗುರುವಾರ ಚಾಪೆ ಬಿಚ್ಚಿಸಿದ ಮೇಲೆ, ಶುಕ್ರವಾರ ಊಟದ ಬಿಡುವಿನಲ್ಲಿ ಆಫೀಸಿಗೆ ಬರಬೇಕು ಅಂತ ಹೇಳಿಕಳಿಸಿದಳು. ಹೇಳಲು ಬಂದವನು ಇಸಿಲೇಲಿ, ತಂಡದ ಮುಖ್ಯಸ್ಥ. ಸಿಯಾಲೆಯ ಹಳ್ಳಿಯವನೇ, ಐವತ್ತರ ಗಂಡಸು, ಚರ್ಚಿನಲ್ಲಿ ಹಾಡು ಎತ್ತಿಕೊಡುವವನು. ಇಂಗ್ಲಿಷು ಚೆನ್ನಾಗಿ ಬರುತ್ತಿದ್ದುದರಿಂದ ಯಜಮಾನರ ಬಾಯೂ ಅವನೇ, ಆಳುಗಳ ಕಿವಿಯೂ ಅವನೇ. ಶೆಡ್ಡಿನ ಹಿಂದೆ ಖಾಲಿ ಕ್ರೇಟುಗಳ ಮೇಲೆ ಕೂತು ಇಬ್ಬರೂ ಬೇಯಿಸಿದ ಮರಗೆಣಸು ತಿಂದರು.

ಅವನು ಎಲ್ಲ ಬಿಡಿಸಿ ಹೇಳಿದ. ಒಂದು ಕಾಗದ ತಯಾರಾಗಿದೆ. ವಾಸಿಟಿ ನನ್ನ ತಾಯಿಯಲ್ಲ, ಒಪ್ಪಂದದಲ್ಲಿ ಸುಳ್ಳು ಬರೆದಿದ್ದೆ, ತಪ್ಪಾಯಿತು ಅಂತ ಅದರಲ್ಲಿದೆ. ಸಹಿ ಹಾಕಿದರೆ ಒಂದು ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ. ಹಾಕದಿದ್ದರೆ ಒಪ್ಪಂದ ಮುರಿದು ಟೋಂಗಾಕ್ಕೆ ವಾಪಸು ಕಳಿಸುತ್ತಾರೆ. ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ, ವೀಸಾ ಈ ತೋಟಕ್ಕೆ ಕಟ್ಟಿದ್ದು.

"ನೀನೊಬ್ಳೇ ಆಗಿದ್ರೆ ನಾನು ಮಾತಾಡ್ತಿರ್ಲಿಲ್ಲ ತಂಗೀ," ಅಂದ. "ನಮ್ಮೂರಿಂದ ಹನ್ನೊಂದ್ ಜನ ಇದೀವಿ. ಒಬ್ಳನ್ನ ಸುಳ್ಳಿ ಅಂತ ವಾಪಸ್ ಕಳಿಸ್ಬಿಟ್ರೆ ಬರೋ ವರ್ಷ ನಮ್ಮೂರನ್ನೇ ಕರೆಯಲ್ಲ. ಒಂದ್ ಸಹಿ ತಾನೆ? ಸತ್ತೋಳು ಎದ್ದು ಬಂದು ಓದ್ತಾಳಾ?"

ಊರಲ್ಲಿ ಸಿಯಾಲೆಯ ಇಬ್ಬರು ಹೆಣ್ಣುಮಕ್ಕಳು ಅಜ್ಜನ ಮನೆಯಲ್ಲಿದ್ದರು. ಈ ಕೆಲಸ ಹೋದರೆ ಅವರ ಓದೂ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಂದೂ ಗೊತ್ತಿತ್ತು. ವಾಸಿಟಿಗೆ ಬೇರೆ ಮಕ್ಕಳಿಲ್ಲ. ಗಂಡ ಸತ್ತು ಆರು ವರ್ಷ. ಶನಿವಾರ ಪೆಟ್ಟಿಗೆ ಮುಚ್ಚುವ ಮುಂಚೆ ಹಣೆಗೆ ಮುತ್ತಿಡಲು ಮಕ್ಕಳನ್ನು ಕರೆಯುತ್ತಾರೆ. ಇವಳು ಹೋಗದಿದ್ದರೆ ಯಾರೂ ಏಳುವುದಿಲ್ಲ. ಬಂಜೆಯ ಮಣ್ಣು ಅಂತ ಆಗುತ್ತದೆ. ಸಹಿ ಹಾಕಿ ಹೋದರೋ, ಆ ಕೈಯಲ್ಲಿ ಅವಳ ಮುಖ ಮುಟ್ಟುವುದು ಹೇಗೆ?

ಬುಧವಾರ ಸಂಜೆ ಸತ್ತವಳ ಮೈ ತೊಳೆದದ್ದು ಸಿಯಾಲೆಯೇ. ವಾಸಿಟಿಯ ಬಲಗೈ ಹೆಬ್ಬೆರಳು ಮಡಚಲು ಬರಲಿಲ್ಲ. ಇಪ್ಪತ್ತೆರಡು ಚಳಿಗಾಲ ಸವರುಗತ್ತರಿ ಹಿಡಿದು ಅದು ಬೇರೆಯದೇ ಆಕಾರಕ್ಕೆ ಬಂದುಬಿಟ್ಟಿತ್ತು. ಬಲ ಭುಜ ಎಡಕ್ಕಿಂತ ಮೂರು ಬೆರಳು ಕೆಳಗೆ. ಈ ತೋಟದ ದ್ರಾಕ್ಷಿ ತಿಂದವರು ಎಷ್ಟು ದೇಶದಲ್ಲಿದ್ದಾರೋ, ಆ ಹೆಬ್ಬೆರಳು ನೋಡಿದವಳು ಸಿಯಾಲೆ ಒಬ್ಬಳು.

ಆಫೀಸಿನಲ್ಲಿ ಡಯಾನಾ ಮೇಜಿನ ಹಿಂದೆ ಕೂತಿದ್ದಳು. ಕಾರ್ಮೆಲೋ ಮೂಲೆಯ ಕುರ್ಚಿಯಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಸಿಯಾಲೆಗೆ ಕುರ್ಚಿ ಇರಲಿಲ್ಲ. ಇಸಿಲೇಲಿಗೂ ಇರಲಿಲ್ಲ.

ಡಯಾನಾ ನೀಲಿ ಫೈಲು ತೆರೆದು, ಕಾನೂನು ಮಾಡಿದವಳು ನಾನಲ್ಲ ಅಂದಳು. ಸಾವಿನ ರಜೆ ಯಾರು ಸತ್ತರೆ ಅಂತ ಇಲ್ಲಿ ಪಟ್ಟಿಯೇ ಇದೆ. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು. ತಾಯಿಯ ಅಕ್ಕ ಇಲ್ಲ. ನಂಬಿಕೆ ಬಾರದಿದ್ದರೆ ನೀನೇ ಓದಿ ಹೇಳು ಅಂತ ಫೈಲನ್ನು ಇಸಿಲೇಲಿಯ ಕಡೆ ತಿರುಗಿಸಿದಳು.

ಇಸಿಲೇಲಿ ಬೆರಳಿಟ್ಟು ಓದಿ ಹೇಳಿದ. ಪಟ್ಟಿ ಮುಗಿಯಿತು. ಅವನ ಬೆರಳು ಇನ್ನೊಂದು ಸಾಲು ಕೆಳಗೆ ಇಳಿಯಿತು, ತುಟಿ ಅಲ್ಲಾಡಿತು, ನಿಂತಿತು. ಫೈಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಸಿಯಾಲೆ ಅದನ್ನು ನೋಡಿದಳು. ಅಲ್ಲಿ ಏನಿತ್ತು ಅಂತ ಕೇಳಿದಳು. ಏನಿಲ್ಲ ಅಂದ.

ಡಯಾನಾ ಕಾಗದ ಮುಂದಿಟ್ಟು ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟಳು. ಅವಳ ದನಿ ಈಗ ಮೆತ್ತಗಾಗಿತ್ತು. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ನೀನು ಒಳ್ಳೆಯ ಕೆಲಸಗಾರ್ತಿ, ಸಹಿ ಹಾಕಿಬಿಟ್ಟರೆ ನಾಳೆ ಅರ್ಧ ದಿನ ನಾನೇ ಬಿಡುತ್ತೇನೆ, ಆ ಹೆಂಗಸಿನ ಮಣ್ಣಿಗೆ ಹೋಗಿ ಬಾ ಅಂದಳು.

ಆ ಹೆಂಗಸು.

ಸಿಯಾಲೆ ಪೆನ್ನು ಹಿಡಿದಳು. ಹಿಡಿದು ಮೂಲೆಯ ಕಡೆ ತಿರುಗಿದಳು. ತನಗೆ ಬರುವ ಮುರುಕು ಇಂಗ್ಲಿಷಿನಲ್ಲೇ ಕಾರ್ಮೆಲೋನನ್ನು ಕೇಳಿದಳು.

"ಯಜಮಾನ್ರೇ, ವಾಸಿಟಿ ನಂಗೆ ಏನಾಗ್ಬೇಕು ಅಂತ ನಿಮ್ಗೆ ಗೊತ್ತಲ್ವಾ?"

ಅವನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಸಿಯಾಲೆ ಬಂದ ದಿನ ವಾಸಿಟಿ ಕೋಲೂರಿಕೊಂಡು ತೋಟಕ್ಕೆ ಬಂದು, ಇವಳು ನನ್ನ ಮಗಳು, ನೋಡಿಕೊಳ್ಳಿ ಅಂತ ಅವನ ಕೈಹಿಡಿದು ಹೇಳಿದ್ದಳು. ಆಗ ತಲೆಯಾಡಿಸಿದವನು ಇವನೇ. ಈಗ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ. ತನ್ನ ಮಗಳ ಮುಖ ನೋಡಿದ.

"ಒಳ್ಳೆ ಆಳು. ವಾಸಿ ಒಳ್ಳೆ ಆಳು," ಅಂದ.

ಸಿಯಾಲೆ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ಹೇಳಣ್ಣ ಇವ್ರಿಗೆ," ಅಂತ ಇಸಿಲೇಲಿಗೆ ಹೇಳಿದಳು. "ಕೊಳೆತ ಹಣ್ಣು ಕತ್ತರ್ಸು ಅಂದ್ರು, ಕತ್ತರಿಸ್ದೆ. ಉಚ್ಚೆ ತಡ್ಕೊಂಡ್ ನಿಂತ್ಕೋ ಅಂದ್ರು, ನಿಂತೆ. ಚಾಪೆ ಬಿಚ್ಚಿ ಕಸಕ್ಕೆ ಹಾಕು ಅಂದ್ರು, ಅದೂ ಹಾಕ್ದೆ. ಅವ್ವನ್ನ ಹಾಕಲ್ಲ."

ಇಸಿಲೇಲಿ ಇಂಗ್ಲಿಷಿಗೆ ತಿರುಗಿಸಲಿಲ್ಲ. ನೆಲ ನೋಡಿದ. ತಂಗೀ, ಹನ್ನೊಂದು ಜನ, ಅಂತ ಗೊಣಗಿದ.

ಅವಳೇ ಡಯಾನಾಳಿಗೆ ಹೇಳಿದಳು. ನೋ ಸೈನ್. ಅಷ್ಟೇ ಬಾಯಿಗೆ ಬಂತು, ಅಷ್ಟೇ ಸಾಕಾಗಿತ್ತು.

ಡಯಾನಾ ಎದ್ದು ನಿಂತಳು. ಏನೇನೋ ಹೇಳಿದಳು, ಸೋಮವಾರ ಪತ್ರ ಬರುತ್ತದೆ ಅಂದಳು. ಸಿಯಾಲೆ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ನೇರವಾಗಿ ಶೆಡ್ಡಿಗೆ ಹೋದಳು. ಕಸದ ಕ್ರೇಟು ಒಂದರ ಮೇಲೊಂದು ಪೇರಿಸಿದ್ದರು. ಮೇಲಿನ ಎರಡನ್ನು ಇಳಿಸಿ ಮೂರನೆಯದಕ್ಕೆ ಕೈಹಾಕಿದಳು. ಚಾಪೆಗೆ ದ್ರಾಕ್ಷಿ ರಸ ಹತ್ತಿ ನೊಣ ಮುತ್ತಿತ್ತು. ಕೊಡವಿ, ಏಪ್ರನ್ನಿನ ಮೇಲೇ ಸೊಂಟಕ್ಕೆ ಸುತ್ತಿ, ಹಗ್ಗ ಬಿಗಿದಳು. ಬೆಲ್ಟು ಓಡುತ್ತಲೇ ಇತ್ತು. ಯಾರೂ ಕೆಲಸ ಬಿಟ್ಟು ಅವಳ ಹಿಂದೆ ಬರಲಿಲ್ಲ. ಬರುತ್ತಾರೆ ಅಂತ ಅವಳೂ ಅಂದುಕೊಂಡಿರಲಿಲ್ಲ. ಆ ನಾಲ್ಕು ಹುಡುಗರು ಮಾತ್ರ ಈ ಸಲ ನಗಲಿಲ್ಲ.

ನಾಲ್ಕು ಮೈಲಿ ಬಳ್ಳಿಗಳ ನಡುವಿನ ದಾರಿಯಲ್ಲಿ ನಡೆದೇ ವಾಸಿಟಿಯ ಮನೆ ಸೇರಿದಳು. ಶನಿವಾರ ಮಕ್ಕಳು ಬನ್ನಿ ಅಂತ ಕರೆದಾಗ ಒಬ್ಬಳೇ ಎದ್ದಳು. ಹಣೆಗೆ ಮುತ್ತಿಟ್ಟಳು. ಆಮೇಲೆ ಆ ಹೆಬ್ಬೆರಳಿಗೂ ಇಟ್ಟಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ತೋಟದ ಹನ್ನೊಂದು ಜನರಲ್ಲಿ ಅವಳನ್ನು ಬಿಟ್ಟು ಒಬ್ಬರೂ ಬಂದಿರಲಿಲ್ಲ. ಶನಿವಾರ ಕೊಯ್ಲು ಇತ್ತು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸಿಲೇಲಿ ಪತ್ರ ತಂದ. ವಾಸಿಟಿಯ ಮನೆಯ ಗೇಟಿನ ಹೊರಗೇ ನಿಂತ. ಚರ್ಚಿನ ಹೆಂಗಸರು ಅಂಗಳದಲ್ಲಿ ಕೂತಿದ್ದರು. ಯಾರೂ ಅವನನ್ನು ಒಳಗೆ ಕರೆಯಲಿಲ್ಲ. ಸಿಯಾಲೆ ಗೇಟಿನವರೆಗೆ ಹೋಗಿ ಓದು ಅಂದಳು.

ಅವನು ಲಕೋಟೆ ಹರಿದ. ಮೊದಲ ಸಾಲು ಓದಿದವನೇ ತಡೆದು ನಿಂತ.

"ಓದಣ್ಣ. ಈ ಸಲ ನುಂಗ್ಬೇಡ."

ಅವನು ಓದಿದ. "ನಿಮ್ಮ ತಾಯಿ ವಾಸಿಟಿ ಅವರ ನಿಧನದ ಸುದ್ದಿ ತಿಳಿದು ನಮಗೆ ತೀವ್ರ ದುಃಖವಾಗಿದೆ. ಈ ಕಷ್ಟದ ಸಮಯದಲ್ಲಿ ನಾವು ನಿಮ್ಮೊಂದಿಗಿದ್ದೇವೆ."

ಅದರ ಕೆಳಗಿನ ಸಾಲಿನಲ್ಲಿ, ವಾಸಿಟಿ ತನ್ನ ತಾಯಿ ಎಂದು ಸುಳ್ಳು ಮಾಹಿತಿ ಕೊಟ್ಟ ಕಾರಣ ಒಪ್ಪಂದ ಇಂದಿನಿಂದ ರದ್ದು ಅಂತಿತ್ತು.

ಆ ನೀಲಿ ಫೈಲಿನಲ್ಲಿ ಮಾದರಿ ಪತ್ರಗಳಿದ್ದವು. ಸಾವಿನ ಮನೆಗೆ ಬರೆಯುವ ಪತ್ರ ಯಾವುದೇ ಇರಲಿ, ಮೊದಲು ಸಂತಾಪ ಹೇಳಬೇಕು ಅಂತ ತರಗತಿಯಲ್ಲಿ ಕಲಿಸಿದ್ದರಂತೆ. ತಾಯಿಯ ಹೆಸರನ್ನು ಕಂಪ್ಯೂಟರು ಒಪ್ಪಂದದಿಂದ ತಾನೇ ಎತ್ತಿಕೊಂಡಿತ್ತು. ಡಯಾನಾ ಓದಿ ನೋಡಿರಲಿಲ್ಲ. ಕತ್ತು ಕೊಯ್ಯುವಾಗ ಯಾರು ತಾನೇ ಪತ್ರ ಎರಡು ಸಲ ಓದುತ್ತಾರೆ?

ಅಂಗಳದ ಹೆಂಗಸರಲ್ಲಿ ಹಿರಿಯಳೊಬ್ಬಳು ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಸಾವಿನ ಅಂಗಳದಲ್ಲಿ, ಹರಕು ಚಾಪೆಗಳಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕರು. ಸಿಯಾಲೆಗೆ ನಗು ಬರಲಿಲ್ಲ. ಇನ್ನೊಂದು ಸಲ ಓದಿಸಿದಳು. ಮೂರನೇ ಸಲವೂ ಓದಿಸಿದಳು. ಆಮೇಲೆ ಕೇಳಿದಳು.

"ಶುಕ್ರವಾರ ಆ ಫೈಲಲ್ಲಿ ಏನಿತ್ತು?"

ಇಸಿಲೇಲಿ ಗೇಟಿನ ಸರಳು ಹಿಡಿದುಕೊಂಡ. "ಇದು ಕಡಿಮೆ ಅಂದ್ರೆ ಕೊಡಲೇಬೇಕಾದ್ದು, ಇದಕ್ಕಿಂತ ಹೆಚ್ಚಿಗೆ ಮಾಲೀಕರು ಕೊಡ್ಬೋದು ಅಂತಿತ್ತು," ಅಂದ. "ಕಾನೂನು ಬೇಡ ಅಂದಿರ್ಲಿಲ್ಲ ತಂಗೀ. ಅವ್ರು ಬೇಡ ಅಂದಿದ್ದು."

"ದೂರು ಕೊಡೋ ಆಫೀಸಿಗೆ ನಾಳೆ ಹೋಗ್ತಾ ಇದೀನಿ. ಈ ಸಾಲು, ಆ ಸಾಲು, ಎರಡೂ ನೀನೇ ಓದ್ಬೇಕು."

"ಹನ್ನೊಂದ್ ಜನ..."

"ಹನ್ನೊಂದ್ ಜನಕ್ಕೂ ಅವ್ವಂದಿರು ಇದಾರೆ ಅಣ್ಣ."

ಅವನು ಟೋಪಿ ತೆಗೆದು, ಗೇಟು ತೆರೆದು ಒಳಗೆ ಬಂದು, ಹೆಂಗಸರ ಹಿಂದೆ ನೆಲದ ಮೇಲೆ ಕೂತ. ನಾಳೆ ಬರುತ್ತೇನೆ ಅಂತಲೂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಪತ್ರ ಎರಡು ಪ್ರತಿ ಇತ್ತು. ಒಂದನ್ನು ಸಿಯಾಲೆ ಮಡಚಿ ಚಾಪೆಯ ಹಗ್ಗಕ್ಕೆ ಸಿಕ್ಕಿಸಿಕೊಂಡಳು. ಇನ್ನೊಂದರ ಕೆಳಗೆ, ಪತ್ರ ತಲುಪಿದೆ ಅಂತ ಸಹಿ ಹಾಕಿ ವಾಪಸು ಕಳಿಸಲು ಒಂದು ಗೆರೆ ಇತ್ತು. ಪೆನ್ನು ಕೊಡು ಅಂದಳು. ಇಸಿಲೇಲಿ ಬೆಚ್ಚಿ ಜೇಬಿನಿಂದ ತೆಗೆದುಕೊಟ್ಟ.

ಅವಳು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಸಿಯಾಲೆ, ವಾಸಿಟಿಯ ಮಗಳು ಅಂತ ಬರೆದಳು. ಗೆರೆ ಅಲ್ಲಿಗೆ ಮುಗಿದುಹೋಯಿತು. ಲುಯಿಸಾಳ ಮಗಳು ಅನ್ನುವುದನ್ನು ಗೆರೆಯ ಆಚೆ, ಖಾಲಿ ಜಾಗದಲ್ಲಿ ಬರೆದಳು.